ಅತ್ತೆಯ ಅಂಗಾಲು ಮತ್ತು ನನ್ನ ಫರಾಳ

ದೊಡ್ಡವ್ವಿ, ಸಣ್ಣವ್ವಿ, ತಮ್ಮಾ,

ನಿಮ್ಮ ಶಾಲೆಯ ಹೆಸರುಗಳು ಉದ್ದ. ಬರೆಯಲು ಹೋದರೆ ನನಗೆ ಒತ್ತಕ್ಷರ ತಪ್ಪುತ್ತದೆ, ನೀವು ನಗುತ್ತೀರಿ. ಅದಕ್ಕೆ ಮನೆಯಲ್ಲಿ ಕೂಗುವ ಹೆಸರಿನಿಂದಲೇ ಶುರು ಮಾಡಿದ್ದೇನೆ.

ಮೊನ್ನೆ ನೀವು ಮೂವರೂ ಸೇರಿ ನನಗೊಂದು ಪೊಟ್ಟಣ ತಂದುಕೊಟ್ಟಿರಿ. ಮೇಲೆ ಹಸಿರು ಎಲೆಯ ಚಿತ್ರ. "ಆಯಿ, ಇದು ಉಪವಾಸದ್ದು. ಇದನ್ನ ತಿಂದ್ರ ನಿನ್ನ ಕಾಲಿಗೆ ಏನೂ ಆಗೂದಿಲ್ಲ" ಎಂದಿರಿ. ನಾನು ನಕ್ಕೆ. ಪ್ರೀತಿಗೆ ನಕ್ಕೆ ಎಂದು ನೀವು ತಿಳಿದಿರಿ, ಅದೂ ಇತ್ತು. ಆದರೆ ಪೂರ್ತಿ ನಗು ಅದರದಲ್ಲ. ಅದನ್ನು ಬಾಯಿಂದ ಹೇಳಲು ನನಗೆ ಆಗುವುದಿಲ್ಲ. ಮೂರು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ಹೇಳಬೇಕಾದದ್ದು ಬಿಟ್ಟು ಬೇರೇನೋ ಹೇಳಿಬಿಡುತ್ತೇನೆ. ಊರ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರಗಳು ಇಂಥ ಹೊತ್ತಿಗೇ ಇರಬೇಕು ಎಂದುಕೊಂಡು ಬರೆಯುತ್ತಿದ್ದೇನೆ.

ನನ್ನ ಅತ್ತೆ, ಅಂದರೆ ನಿಮ್ಮ ಅಪ್ಪನ ಅಜ್ಜಿ, ಹಳಿಯಾಳ ಸೀಮೆಯ ಹಳ್ಳಿಯವರು. ಮಾವ ತೀರಿಕೊಂಡ ಮೇಲೆ, ಮಾವನ ತಮ್ಮ ಕಾಕಾ ಊರಿನಲ್ಲೇ ಇದ್ದರೂ, ಹೊಲವನ್ನು ತಾವೇ ನಿಂತು ಮಾಡಿಸುತ್ತಿದ್ದರು. ಭತ್ತ ಬಿತ್ತುವ ದಿನ ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಬೀಜ ಬಿಡುವ ಕೆಲಸ ಅವರದೇ. ಅದಕ್ಕೆ ಕೈಯೂ ಕಾಲೂ ಒಂದೇ ಹದದಲ್ಲಿ ಹೋಗಬೇಕು. ಕಾಲು ತಡೆದರೆ ಬೀಜ ಒಂದೇ ಕಡೆ ಬೀಳುತ್ತದೆ, ಕಾಲು ಓಡಿದರೆ ಸಾಲು ಬರಿದಾಗುತ್ತದೆ. ತಮ್ಮಷ್ಟು ಸಮನಾಗಿ ಬೀಜ ಬಿಡುವವರು ಊರಿನಲ್ಲೇ ಇಲ್ಲ ಎಂಬುದು ಅತ್ತೆಯ ಅಭಿಪ್ರಾಯ. ಊರಿನವರ ಅಭಿಪ್ರಾಯವೂ ಅದೇ ಇತ್ತು. ಬೇರೆ ಅಭಿಪ್ರಾಯ ಇದ್ದವರು ಅದನ್ನು ಅತ್ತೆಯ ಮುಂದೆ ಹೇಳುತ್ತಿರಲಿಲ್ಲ.

ನಿಮ್ಮ ಅಜ್ಜನಿಗೆ ಆಗ ದಾಂಡೇಲಿಯ ಗಿರಣಿಯಲ್ಲಿ ಕೆಲಸ. ಅಂಬೇವಾಡಿಯ ಕಡೆ ಎರಡು ಕೋಣೆಯ ಮನೆ ಹಿಡಿದಿದ್ದೆವು. ನಿಮ್ಮ ಅಪ್ಪನನ್ನು ಹೆತ್ತು ತವರಿನಿಂದ ಬಂದ ಮೇಲೆ ಕೂಸನ್ನು ನೋಡಿಕೊಳ್ಳಲು ಅತ್ತೆ ಬಂದರು. ಬಿತ್ತನೆಗೆ ಹೋಗುವುದು, ರಾಶಿಗೆ ಹೋಗುವುದು, ಉಳಿದ ಕಾಲ ನಮ್ಮಲ್ಲಿ ಇರುವುದು ಎಂದು ಮಾತಾಯಿತು.

ಊರಿನಲ್ಲಿ ಅವರು ನಸುಕಿಗೆ ಎದ್ದರೆ ಕೂರುತ್ತಿದ್ದದ್ದು ಉಣ್ಣಲು ಮಾತ್ರ. ಉಣ್ಣುತ್ತಿದ್ದದ್ದು ಜೋಳದ ರೊಟ್ಟಿ, ಪಲ್ಯೆ, ಮನೆಯಲ್ಲೇ ಕುಟ್ಟಿದ ಅಕ್ಕಿಯ ಅನ್ನ. ದಾಂಡೇಲಿಯಲ್ಲಿ ಅವರಿಗೆ ಕೆಲಸ ಕೊಡುವುದು ನಮಗೆ ಮರ್ಯಾದೆಯ ಪ್ರಶ್ನೆಯಾಯಿತು. ಮಗ ನೌಕರಿಯಲ್ಲಿದ್ದಾಗ ತಾಯಿ ಕೊಡ ಹೊರುವುದೇ? ನೀರು ನಾನು ತರುತ್ತಿದ್ದೆ, ಕಸ ನಾನು ಗುಡಿಸುತ್ತಿದ್ದೆ. ಅತ್ತೆಯನ್ನು ಗೋಡೆಗೆ ಒರಗಿಸಿ, ತೊಡೆಯ ಮೇಲೆ ಕೂಸನ್ನು ಮಲಗಿಸಿ, ಕೈಗೆ ಚಹಾ ಕೊಡುತ್ತಿದ್ದೆ. ಅದು ಮುಗಿಯುವ ಹೊತ್ತಿಗೆ ನಿಮ್ಮ ಅಜ್ಜ ಗಿರಣಿಯಿಂದ ಬರುತ್ತಿದ್ದರು, ಅವರ ಜೊತೆ ಇನ್ನೊಂದು ಚಹಾ. ಅನ್ನ ಮಲ್ಲಿಗೆಯಂತೆ ಬೆಳ್ಳಗೆ. ಅತ್ತೆ ಮೊದಲ ದಿನ ಅದನ್ನು ಬೆರಳಿನಿಂದ ಎತ್ತಿ ನೋಡಿ, "ಇದೇನು, ದೇವರಿಗೆ ಹಾಕೂ ಅಕ್ಷತಿ ಇದ್ದಂಗ ಐತಲ್ಲ" ಎಂದಿದ್ದರು. ವರ್ಷ ಕಳೆಯುವುದರಲ್ಲಿ ಅದೇ ಅನ್ನ ಬೇಕು ಎನ್ನುವಂತಾದರು. ಮೈ ತುಂಬಿಕೊಂಡಿತು. ಊರಿನಿಂದ ಬಂದವರು ನೋಡಿ, "ಮಗ ಚಲೋ ನೋಡ್ಕೊಂಡಾನ" ಎಂದು ಹೊಗಳಿ ಹೋದರು.

ಅದಾದ ಮೇಲೆ ಅಂಗಾಲು ಉರಿಯತೊಡಗಿತು. ಮೊದಲು ಇರುವೆ ಹರಿದಂತೆ ಜುಮುಜುಮು. ಆಮೇಲೆ ಕೆಂಡದ ಮೇಲೆ ಇಟ್ಟಂತೆ. ಹಗಲು ಹೇಗೋ ಕಳೆಯುತ್ತಿದ್ದರು, ಮಲಗಿದರೆ ಜಾಸ್ತಿ. ಹೊದಿಕೆಯ ಅಂಚು ತಾಗಿದರೂ ಕಾಲು ಎಳೆದುಕೊಳ್ಳುತ್ತಿದ್ದರು. ಔಡಲೆಣ್ಣೆ ಸವರಿ ಕಂಚಿನ ಬಟ್ಟಲಿನಿಂದ ತಿಕ್ಕಿದೆವು. ಲೋಳೆಸರ ಕಟ್ಟಿದೆವು. ಪಕ್ಕದ ಮನೆಯಲ್ಲಿ ಒಬ್ಬ ಸಾಬರ ಕುಟುಂಬವಿತ್ತು. ಗಂಡ ಬಸ್ಸು ಲಾರಿ ರಿಪೇರಿ ಮಾಡುವ ಮೇಸ್ತ್ರಿ. ಹೆಂಡತಿಯನ್ನು ಅತ್ತೆ ಬೀಬಿ ಎಂದು ಕರೆಯುತ್ತಿದ್ದರು. ಆಕೆ ಒಂದು ದಿನ ಮದರಂಗಿ ಅರೆದು ತಂದಳು.

"ಅಮ್ಮಾ, ಕಾಲಿಗೆ ಹಚ್ಚಿಕೊಳ್ರಿ. ತಣ್ಣಗ ಆಗ್ತೈತಿ."

"ಗಂಡ ಸತ್ತಾಕಿ ನಾನು. ಕಾಲು ಕೆಂಪಗ ಮಾಡ್ಕೊಂಡು ಯಾರ ಮದವಿಗೆ ಹೋಗ್ಲಿ?"

"ಅಡೀಗೆ ಹಚ್ಚೂದು ಅಮ್ಮಾ, ಯಾರು ನೋಡ್ತಾರ? ನೀವೇನು ಕಾಲು ಮ್ಯಾಲೆತ್ತಿ ನಡೀತೀರೇನು?"

ಅತ್ತೆ ಹಚ್ಚಿಸಿಕೊಂಡರು. ಎರಡು ದಿನ ಹಾಯೆನಿಸಿತು. ಆಮೇಲೆ ಉರಿ ಮತ್ತೆ ಬಂತು, ಬಣ್ಣ ಮಾತ್ರ ಹೋಗಲಿಲ್ಲ. ಬಹಳ ದಿನಗಳ ತನಕ ಯಾರಾದರೂ ಬಂದರೆ ಅತ್ತೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂರುತ್ತಿದ್ದರು.

ಕೊನೆಗೆ ದವಾಖಾನೆಗೆ ಹೋದೆವು. ಡಾಕ್ಟರರು ಘಟ್ಟದ ಕೆಳಗಿನವರು, ಮೆಲ್ಲಗೆ ಮಾತಾಡುವವರು. ಒಂದು ಗಾಜಿನ ಕೊಳವೆಯಲ್ಲಿ ನೀಲಿ ನೀರು, ಅದಕ್ಕೆ ಅತ್ತೆಯ ಮೂತ್ರದ ಕೆಲವು ಹನಿ ಹಾಕಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಅತ್ತೆ ಜಾದೂ ನೋಡುವ ಹಾಗೆ ನೋಡುತ್ತಿದ್ದರು.

"ಸಕ್ಕರೆ ಕಾಯಿಲೆ ಅಮ್ಮ," ಎಂದರು ಡಾಕ್ಟರರು. "ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಕಾಲಿನ ನರಗಳನ್ನು ಕೆಡಿಸುತ್ತದೆ. ಅದಕ್ಕೇ ಈ ಉರಿ. ಮಾತ್ರೆ ಕೊಡುತ್ತೇನೆ, ಆದರೆ ಮಾತ್ರೆಗಿಂತ ಬಾಯಿ ಮುಖ್ಯ. ಊಟ ಮಿತ ಮಾಡಿ. ಅನ್ನ, ಸಿಹಿ ಕಡಿಮೆ ಮಾಡಿ. ದಿನಾ ನಡೆಯಿರಿ. ಬರಿಗಾಲಲ್ಲಿ ಮಾತ್ರ ಬೇಡ. ಇನ್ನೊಂದು ಮಾತು, ಉರಿ ತಾನಾಗಿ ನಿಂತಿತು ಎಂದು ಸಂತೋಷಪಡಬೇಡಿ, ಬಂದು ತೋರಿಸಿ."

"ಸೋಮವಾರ ಉಪವಾಸ ಮಾಡ್ತೇನ್ರಿ ಡಾಕ್ಟರ್ ಸಾಹೇಬ್ರ," ಎಂದರು ಅತ್ತೆ.

"ಒಳ್ಳೆಯದು," ಎಂದರು ಅವರು.

ಆ ಒಂದು ಮಾತನ್ನು ಅತ್ತೆ ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದರು. ಉಳಿದದ್ದು ದವಾಖಾನೆಯ ಮೆಟ್ಟಿಲ ಮೇಲೆ ಉಳಿಯಿತು. "ದೊಡ್ಡ ಡಾಕ್ಟರ್ ಹೇಳ್ಯಾರ, ಉಪವಾಸ ಚಲೋ ಅಂತ" ಎಂದು ಮಗನಿಗೆ ಹೇಳಿದರು. ಸೋಮವಾರದ ಜೊತೆಗೆ ಗುರುವಾರವನ್ನೂ ಹಿಡಿದರು.

ಈಗ ನಿಮಗೆ ಉಪವಾಸ ಎಂದರೇನು ಎಂದು ಹೇಳಬೇಕು. ನಮ್ಮ ಮನೆಯಲ್ಲಿ ಉಪವಾಸವೆಂದರೆ ಅನ್ನ ರೊಟ್ಟಿ ಮುಟ್ಟಬಾರದು. ಮುಟ್ಟಬಹುದಾದದ್ದಕ್ಕೆ ಫರಾಳ ಎಂದು ಹೆಸರು. ಬೆಳಿಗ್ಗೆ ಲಿಂಗಪೂಜೆ ಮುಗಿದ ಕೂಡಲೇ ಸಕ್ಕರೆ ಹಾಕಿದ ಹಾಲು, ಎರಡು ಬಾಳೆಹಣ್ಣು. ಹೊತ್ತೇರಿದ ಮೇಲೆ ಶೇಂಗಾಪುಡಿ ಉದುರಿಸಿ ಮಾಡಿದ ಸಾಬೂದಾಣಿ ಖಿಚಡಿ. ಮಧ್ಯಾಹ್ನ ಬೆಲ್ಲ ಹಾಕಿ ಬೇಯಿಸಿದ ಗೆಣಸು. ಚಹಾದ ಹೊತ್ತಿಗೆ ಶೇಂಗಾ ಉಂಡೆ, ಚಹಾ. ರಾತ್ರಿ, ದಿನವಿಡೀ ಉಪವಾಸ ಇದ್ದವರು ಖಾಲಿ ಹೊಟ್ಟೆಯಲ್ಲಿ ಮಲಗಬಾರದು ಎಂದು ಮತ್ತೆ ಸ್ವಲ್ಪ ಸಾಬೂದಾಣಿ, ಈ ಸಲ ಪಾಯಸ. ಇದನ್ನೆಲ್ಲ ಮಾಡುತ್ತಿದ್ದವಳು ನಾನೇ. ಉಪವಾಸದ ದಿನ ನನಗೆ ಹಬ್ಬದ ದಿನಕ್ಕಿಂತ ಹೆಚ್ಚು ಕೆಲಸ. ಎಲ್ಲ ದಿನ ಎರಡು ಹೊತ್ತು ಉಣ್ಣುವ ಮನೆ ಸೋಮವಾರ ಐದು ಹೊತ್ತು ಉಪವಾಸ ಮಾಡುತ್ತಿತ್ತು.

ಇದು ಮೋಸವಲ್ಲ, ತಿಳಿಯಿರಿ. ಅತ್ತೆ ಸುಳ್ಳು ಹೇಳಿದವರಲ್ಲ. ಫರಾಳ ಊಟವಲ್ಲ ಎಂಬುದು ಅವರಿಗೆ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವಷ್ಟೇ ಖರೆ. ಅವರ ಅತ್ತೆಗೂ ಹಾಗೇ ಇತ್ತು.

ಮುಂದಿನ ಸಲ ದವಾಖಾನೆಗೆ ಹೋದದ್ದು ಶುಕ್ರವಾರ. ಕೊಳವೆಯ ನೀರು ಹಳದಿಯಲ್ಲೂ ನಿಲ್ಲಲಿಲ್ಲ, ಇಟ್ಟಂಗಿಯ ಕೆಂಪಿಗೆ ಹೋಯಿತು, ಅಂದರೆ ಸಕ್ಕರೆ ಇನ್ನೂ ಏರಿತ್ತು.

"ನಿನ್ನೆ ಏನು ಊಟ ಮಾಡಿದಿರಿ?"

"ಏನೂ ಇಲ್ರಿ. ನಿನ್ನೆ ಉಪವಾಸ."

"ಏನೇನೂ ಇಲ್ಲವೇ?"

"ಒಂದು ಅಗಳು ಅನ್ನ ಮುಟ್ಟಿಲ್ರಿ. ಬೇಕಾದ್ರ ಸೊಸೀನ ಕೇಳ್ರಿ."

ಡಾಕ್ಟರರು ನನ್ನ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ತಲೆ ಅಲ್ಲಾಡಿಸಿದೆ. ಅನ್ನ ಮುಟ್ಟಿರಲಿಲ್ಲ, ಅದು ನಿಜವೇ. ಡಾಕ್ಟರರು ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪಾಪ, ತಮ್ಮ ನೀಲಿ ನೀರಿನ ಮೇಲೆಯೇ ಅವರಿಗೆ ಸಂಶಯ ಬಂದಿರಬೇಕು. "ಇನ್ನೂ ಸ್ವಲ್ಪ ಬಿಗಿ ಮಾಡಿ ಅಮ್ಮ," ಎಂದರು.

ಅತ್ತೆ ಬಿಗಿ ಮಾಡಿದರು. ಶನಿವಾರವನ್ನೂ ಹಿಡಿದರು.

ನನಗೆ ಅಷ್ಟರಲ್ಲಿ ಒಂದು ವಿಷಯ ಕಾಣತೊಡಗಿತ್ತು. ಫರಾಳ ಮಾಡಿದ ದಿನ ಮಲಗಿದ ಮೇಲೆ ಅತ್ತೆ ಕಾಲು ಝಾಡಿಸುವುದು ಹೆಚ್ಚು. ರೊಟ್ಟಿ ತಿಂದ ದಿನ ಕಡಿಮೆ. ಆದರೆ ಸೊಸೆಯಾದವಳು ಅತ್ತೆಗೆ, ನಿಮ್ಮ ಶಿವನ ವ್ರತವೇ ನಿಮ್ಮ ರೋಗ ಎಂದು ಹೇಳುವುದು ಹೇಗೆ? ನಾನು ಉಪ್ಪು ಹೆಚ್ಚಾಯಿತೇ ಎಂದು ಕೇಳಲೂ ಅಂಜುವವಳು. ಬೆಲ್ಲ ಕಡಿಮೆ ಹಾಕಿ ನೋಡಿದೆ. "ಮನ್ಯಾಗ ಬೆಲ್ಲ ತೀರಿತೇನು?" ಎಂದರು. ಮರುದಿನ ನಿಮ್ಮ ಅಜ್ಜ ಒಂದು ಪೂರ್ತಿ ಪೆಂಟೆ ಬೆಲ್ಲ ತಂದಿಟ್ಟರು. ಅವರಿಗೆ ತಾಯಿಯ ಮೇಲೆ ಅಷ್ಟು ಪ್ರೀತಿ.

ಆಮೇಲೆ ಒಂದು ದಿನ ಉರಿ ನಿಂತಿತು. ಬೆರಳುಗಳಲ್ಲಿ ಮೊದಲು, ಆಮೇಲೆ ಇಡೀ ಅಂಗಾಲಿನಲ್ಲಿ. ಅತ್ತೆ ವಿಭೂತಿ ಇಟ್ಟುಕೊಂಡು ಬಂದು, "ಶಿವ ಕಣ್ಣು ತೆಗದ. ಬೆರಳಿಗೆ ಉರಿ ಇಲ್ಲ, ನೋವಿಲ್ಲ, ಏನೂ ಇಲ್ಲ" ಎಂದರು. ಬೀಬಿಗೂ ಹೇಳಿದರು. ಸಂತೋಷಕ್ಕೆ ಅವತ್ತು ಪಾಯಸ ಮಾಡಿದೆವು.

ಅದೇ ವಾರ ಇಬ್ಬರೂ ಪೇಟೆಗೆ ಹೋಗಿ ಬಂದೆವು. ಬಾಗಿಲಲ್ಲಿ ಕಾಲು ತೊಳೆಯಲು ನೀರು ಕೊಡುವಾಗ ನೋಡುತ್ತೇನೆ, ಅತ್ತೆಯ ಒಂದು ಕಾಲಿನಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ.

"ಅತ್ತಿ, ಇನ್ನೊಂದು ಚಪ್ಪಲಿ ಎಲ್ಲಿ?"

"ಕಾಲಾಗ ಐತಲ್ಲ," ಎಂದರು ಅವರು, ಕೆಳಗೆ ನೋಡದೆಯೇ.

ಆಮೇಲೆ ನೋಡಿದರು. ಹಿಮ್ಮಡಿಯಲ್ಲಿ ಗಾಜಿನ ಚೂರೊಂದು ನಟ್ಟು ರಕ್ತ ಬರುತ್ತಿತ್ತು. ಅದೂ ಗೊತ್ತಿರಲಿಲ್ಲ. ಅತ್ತೆ ಅದನ್ನು ಬೇರೆಯವರ ಕಾಲು ನೋಡುವ ಹಾಗೆ ನೋಡಿದರು. ಅವರ ಮುಖದಲ್ಲಿ ಅಂಜಿಕೆ ಕಂಡದ್ದು ನಾನು ಅದೇ ಮೊದಲು. ಡಾಕ್ಟರರು ಉರಿ ನಿಂತರೆ ಸಂತೋಷಪಡಬೇಡಿ ಎಂದದ್ದು ನನಗೆ ಆಗ ನೆನಪಾಯಿತು. ನಾವು ಪಾಯಸ ಉಂಡು ಎರಡು ದಿನವೂ ಆಗಿರಲಿಲ್ಲ.

ನಿಮ್ಮ ಅಜ್ಜ ತಾಯಿಯ ಗಾಯಕ್ಕೆ ಪಟ್ಟಿ ಕಟ್ಟಿಸಿ ಕರೆತಂದು ಅವರ ಎದುರು ಕುಳಿತರು.

"ಅವ್ವಾ, ಬರೂ ಮಳಿಗಾಲಕ್ಕ ನೀ ಬಿತ್ತಿಗಿಗೆ ಹೋಗೂದು ಬ್ಯಾಡ. ಹೊಲ ಕಾಕಾಗ ಪಾಲಿಗೆ ಕೊಡೂಣು."

"ನನ್ನ ಕಾಲು ಸತ್ತೈತಿ, ನಾ ಸತ್ತಿಲ್ಲ."

"ಕಾಲಾಗ ಗಾಜು ಚುಚ್ಚಿದ್ದು ಗೊತ್ತಾಗೂದಿಲ್ಲ ನಿನಗ. ಹೊಲದಾಗ ಹಾವ ಕಚ್ಚಿದ್ರೂ ಗೊತ್ತಾಗಾಕಿಲ್ಲ. ಹೆಂಗ ಕಳಸಲಿ?"

"ಒಮ್ಮೆ ಕೊಟ್ರ ಅಂವ ಮುಂದಿನ ವರ್ಷ ಬಿಡ್ತಾನೇನು? ಹೊಲದಾಗ ನಾ ಕಾಲು ಇಡಲಿಲ್ಲಂದ್ರ ಅದು ಅವಂದ ಆಗ್ತೈತಿ."

"ಬಿತ್ತಿಗಿ ಹೊತ್ತಿಗೆ ಕಾಲು ನೆಟ್ಟಗಾದ್ರ ನಾನ ಕರಕೊಂಡು ಹೋಗ್ತೇನಿ. ಇಲ್ಲಂದ್ರ ಪಾಲು."

ಆ ಹೊಲ ಅವರಿಗೆ ಬರೀ ಹೊಲವಾಗಿರಲಿಲ್ಲ. ನಮ್ಮ ಎರಡು ಕೋಣೆಯಲ್ಲಿ ಅವರು ಕೂಸು ಹಿಡಿಯುವ ಮುದುಕಿ, ಅಲ್ಲಿ ಅವರು ಯಜಮಾನಿ. ಅದು ನನಗೂ ಗೊತ್ತಿತ್ತು, ನಿಮ್ಮ ಅಜ್ಜನಿಗೂ ಗೊತ್ತಿತ್ತು. ಹೀಗಾಗಿ ಅವತ್ತು ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅದೇ ಆ ವರ್ಷದ ಮೊದಲ ಉಪವಾಸ ಎನ್ನಬಹುದು.

ಚಪ್ಪಲಿಯ ಸುದ್ದಿ ಗೋಡೆ ದಾಟಿತು. ನಾಲ್ಕು ದಿನದ ಮೇಲೆ ಬೀಬಿ ಒಂದು ಜೊತೆ ಚಪ್ಪಲಿ ತಂದಳು. ಅವಳ ಗಂಡ ಹಳೆಯ ಬಸ್ಸಿನ ಟೈರು ಕೊಯ್ದು ಮಾಡಿದ್ದು. ಹಿಮ್ಮಡಿಗೆ ಪಟ್ಟಿ, ಪಟ್ಟಿಗೆ ಬಕ್ಕಲು. ಕಾಲು ಬಿಟ್ಟರೂ ಚಪ್ಪಲಿ ಬಿಡದು. ಒಳಗೆ ಮೆತ್ತಗಿನ ಬಟ್ಟೆ ಅಂಟಿಸಿದ್ದ.

ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎತ್ತಿಗೆ ಲಾಳ ಹೊಡದಂಗ ಕಾಣತೈತಿ."

"ಹಂಗಾರ ಎತ್ತಿನಂಗ ನಡೀರಿ ಅಮ್ಮಾ," ಎಂದಳು ಬೀಬಿ.

ಚಪ್ಪಲಿ ಬಾಗಿಲ ಮೂಲೆಯಲ್ಲಿ ಬಹಳ ದಿನ ಹಾಗೇ ಇತ್ತು. ಚಳಿಗಾಲ ಬಂತು, ಅದರ ಜೊತೆ ಆ ವರ್ಷ ರಂಜಾನ್ ಬಂತು.

ಒಂದು ಸೋಮವಾರ ಹೊತ್ತೇರಿದ ಮೇಲೆ ಬೀಬಿ ಬಂದು ಬಾಗಿಲಲ್ಲಿ ಕುಳಿತಳು. ಅತ್ತೆಯ ಮುಂದೆ ಖಿಚಡಿಯ ತಾಟು. ಬಂದವರಿಗೆ ಕೊಡದೆ ತಿನ್ನುವವರಲ್ಲ ಅತ್ತೆ.

"ಬೀಬಿಗೆ ಒಂದು ತಾಟು ಹಾಕು," ಎಂದರು ನನಗೆ.

"ಬ್ಯಾಡ್ರಿ ಅಮ್ಮಾ, ರೋಜಾ ಐತಿ."

"ಅದಕ್ಕ ಹೇಳಾಕತ್ತೇನಿ. ನಂದೂ ಇವತ್ತು ಉಪವಾಸ. ಇದು ಉಪವಾಸದ್ದ, ನಡೀತೈತಿ."

ಬೀಬಿ ತಾಟಿನ ಕಡೆ ನೋಡಿದಳು. ಆಮೇಲೆ ಪಕ್ಕದ ತಟ್ಟೆಯಲ್ಲಿದ್ದ ಉಂಡೆಗಳ ಕಡೆ, ಬಾಳೆಹಣ್ಣಿನ ಕಡೆ, ಒಲೆಯ ಮೇಲಿದ್ದ ಗೆಣಸಿನ ಪಾತ್ರೆಯ ಕಡೆ. ಆಕೆ ಚೇಷ್ಟೆ ಮಾಡಬೇಕೆಂದು ಕೇಳಲಿಲ್ಲ. ತಿಳಿಯದೆಯೇ ಕೇಳಿದಳು.

"ಇದೆಲ್ಲಾ ಉಪವಾಸದ ದಿನ ತಿಂತೀರೇನ್ರಿ?"

"ಮತ್ತ? ಊಟ ಇಲ್ಲಲ್ಲ."

"ನಾವು ಬೆಳಕು ಹರಿಯೂದರಾಗ ಉಂಡ್ರ ಸೂರ್ಯಾ ಮುಳುಗೂ ತನಕ ಒಂದು ಗುಟುಕು ನೀರೂ ಇಲ್ಲ. ನಿಮ್ಮ ದ್ಯಾವರು ಭಾಳ ಉದಾರಿ ಅದಾನ ಬಿಡ್ರಿ ಅಮ್ಮಾ. ಇಷ್ಟು ನಮ್ಮ ಮನ್ಯಾಗ ಈದಿಗೆ ಮಾಡ್ತೇವಿ."

ಅತ್ತೆಯ ಕೈ ತಾಟಿನಲ್ಲೇ ನಿಂತಿತು. ನಾನು ಒಳಗೆ ಹೋಗಿ ಇಲ್ಲದ ಕೆಲಸ ಹುಡುಕಿದೆ. ಬೀಬಿ ಏನೂ ಆಗದವಳ ಹಾಗೆ ಕೂಸಿನ ಜೊತೆ ಆಡಿ ಎದ್ದು ಹೋದಳು.

ಅತ್ತೆ ತಾಟನ್ನು ಸರಿಸಿದರು. "ತಗದಿಡು."

"ಪೂರ್ತಿ ಮಾಡ್ರಿ ಅತ್ತಿ."

"ತಗದಿಡು ಅಂದೆ. ನಾಳಿಯಿಂದ ನನಗ ಫರಾಳ ಮಾಡಬ್ಯಾಡ. ಶಿವ ಉದಾರಿ ಅದಾನಂತ. ಆಕಿ ದ್ಯಾವರಿಗಿಂತ ನಮ್ಮಂವ ಸಡ್ಲ ಅಂತ ಓಣ್ಯಾಗೆಲ್ಲಾ ಆಗ್ಲೇನು?"

ಮರುದಿನದಿಂದ ಪಂಥ ಶುರುವಾಯಿತು. ಬೀಬಿಗೆ ಗೊತ್ತಿಲ್ಲದ ಪಂಥ. ಬೀಬಿ ನಸುಕಿನಲ್ಲಿ ಉಂಡರೆ ಅತ್ತೆಯೂ ಉಂಡರು. ಅನ್ನ ಉಂಡರೆ ಹೊತ್ತೇರುವುದರಲ್ಲಿ ಹಸಿವಾಗುತ್ತದೆ ಎಂದು ಮೊದಲ ದಿನವೇ ತಿಳಿಯಿತು. "ರೊಟ್ಟಿ ಬಡಿ, ರೊಟ್ಟಿ ತಡೀತೈತಿ," ಎಂದರು. ಜೋಳದ ರೊಟ್ಟಿ, ಮೆಂತ್ಯೆ ಪಲ್ಯೆ, ಹೆಸರುಕಾಳು. ಆಮೇಲೆ ಸಂಜೆಯ ತನಕ ಏನೂ ಇಲ್ಲ. ಚಹಾ ಕೂಡ ಇಲ್ಲ. ನೀರು ಮಾತ್ರ ಕುಡಿಯುತ್ತಿದ್ದರು. "ನೀರಂದ್ರ ಗಂಗಿ. ಗಂಗೀನ ಶಿವ ತಲೀ ಮ್ಯಾಲೆ ಇಟ್ಕೊಂಡಾನ, ನಾ ಹೊಟ್ಟ್ಯಾಗ ಇಟ್ಕೊಂಡ್ರ ತಪ್ಪೇನು?" ಎಂದು ನನ್ನನ್ನೇ ಕೇಳಿದರು. ನಾನು ತಪ್ಪಿಲ್ಲ ಎಂದೆ. ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಹೀಗೆ ಹೊಟ್ಟೆ ಕಟ್ಟಬಾರದು ಎಂದು ನಮಗೆ ಆಗ ಗೊತ್ತಿರಲಿಲ್ಲ. ನೀವು ಯಾರೂ ಹೀಗೆ ಮಾಡಲು ಹೋಗಬೇಡಿ. ಅತ್ತೆಗೆ ತಲೆ ಸುತ್ತು ಬರದೆ ಹೋದದ್ದು ನಮ್ಮ ಪುಣ್ಯ.

ಸಂಜೆ ಇನ್ನೊಂದು ತೊಡಕು ಬಂತು. ಅಂಬೇವಾಡಿಯಲ್ಲಿ ಸುತ್ತ ಮರ, ಮನೆ. ಸೂರ್ಯ ಬೇಗ ಕಣ್ಮರೆಯಾಗುತ್ತಾನೆ, ಆದರೆ ಮುಳುಗಿರುವುದಿಲ್ಲ. ಮರದ ಹಿಂದೆ ಹೋದ ಸೂರ್ಯನನ್ನು ಮುಳುಗಿದ ಎಂದು ಲೆಕ್ಕ ಹಿಡಿದರೆ ಅದು ಮತ್ತೆ ಫರಾಳದ ಬುದ್ಧಿಯೇ ಆಗುತ್ತದೆ ಎಂದು ಅತ್ತೆಗೆ ಅನ್ನಿಸಿರಬೇಕು. ಹಾಗಾಗಿ ಅವರು ಮೂಲೆಯ ಟೈರಿನ ಚಪ್ಪಲಿ ಮೆಟ್ಟಿ, ಬಕ್ಕಲು ಬಿಗಿದು, ಬಯಲು ಕಾಣುವ ತನಕ ಕಾಳಿ ಹೊಳೆಯ ಕಡೆ ನಡೆಯತೊಡಗಿದರು. ನಾನು ಕೂಸನ್ನು ಬಗಲಲ್ಲಿ ಇಟ್ಟುಕೊಂಡು ಹಿಂದೆ. ಅಲ್ಲಿ ನಿಂತು ಸೂರ್ಯ ಕಡೆಯ ಎಳೆಯ ತನಕ ಮುಳುಗಿದ್ದನ್ನು ನೋಡಿ, ಕೈಮುಗಿದು, ಮರಳಿ ನಡೆದು ಬಂದು ಉಣ್ಣುತ್ತಿದ್ದರು. ಡಾಕ್ಟರರು ದಿನಾ ನಡೆಯಿರಿ ಎಂದಾಗ ನಡೆಯದ ಕಾಲುಗಳು ಸೂರ್ಯನ ಮೇಲೆ ಸಂಶಯ ಬಂದ ಕೂಡಲೇ ನಡೆದವು.

ಮನೆಗೆ ಬಂದ ಮೇಲೆ ಅತ್ತೆ ಕಾಲು ತೊಳೆದು ಒರೆಸಿ, ನನ್ನಿಂದ ಬೆರಳುಗಳ ಸಂದಿ ನೋಡಿಸಿಕೊಳ್ಳುತ್ತಿದ್ದರು. ಗಾಜಿನ ಚೂರಿನ ಅಂಜಿಕೆ ಹೋಗಿರಲಿಲ್ಲ.

ಈದಿನ ದಿನ ಬೀಬಿ ಶೀರ್‌ಕುರ್ಮಾ ಕಳಿಸಿದಳು. ಅತ್ತೆ ಅದನ್ನು ನಿಮ್ಮ ಅಜ್ಜನ ಮುಂದೆ ಸರಿಸಿದರು. "ಆಕೀದು ಒಂದು ತಿಂಗಳದು, ಮುಗೀತು. ನಂದು ಬಿತ್ತಿಗಿ ತನಕ," ಎಂದರು.

ಮೊದಲು ಉರಿ ಮರಳಿ ಬಂತು. ಅದು ಬಂದಾಗ ಅತ್ತೆ ಅತ್ತುಬಿಟ್ಟರು, ಇಷ್ಟು ಮಾಡಿದರೂ ಹೀಗೇ ಎಂದು. ನನಗೆ ಮಾತ್ರ ಒಳಗೊಳಗೇ ಸಮಾಧಾನ. ಏನೂ ಗೊತ್ತಾಗದ ಕಾಲಿಗಿಂತ ಉರಿಯುವ ಕಾಲು ವಾಸಿ. ಬೇಸಿಗೆ ಕಾಲಿಡುವ ಹೊತ್ತಿಗೆ ಉರಿಯೂ ತಗ್ಗಿತು. ರಾತ್ರಿ ಕಾಲು ಝಾಡಿಸುವುದು ನಿಂತಿತು.

ದವಾಖಾನೆಗೆ ಹೋದೆವು. ಕೊಳವೆಯ ನೀರು ಸ್ವಲ್ಪ ಹಸಿರಾಗಿ ಅಲ್ಲೇ ನಿಂತಿತು. ಡಾಕ್ಟರರು ಇನ್ನೊಮ್ಮೆ ಕಾಯಿಸಿದರು, ಮತ್ತೆ ಅಷ್ಟೇ.

"ಏನು ಮಾಡಿದಿರಿ ಅಮ್ಮ?"

"ಉಪವಾಸ," ಎಂದರು ಅತ್ತೆ.

"ಅದು ಮೊದಲೂ ಮಾಡುತ್ತಿದ್ದಿರಲ್ಲ?"

ಅತ್ತೆ ಗೋಡೆ ನೋಡಿದರು. ಅವರಿಗೆ ಉತ್ತರ ಗೊತ್ತಿತ್ತು, ಹೇಳಲು ಮನಸ್ಸಿರಲಿಲ್ಲ. ಡಾಕ್ಟರರು ತಮ್ಮ ಮಾತ್ರೆಯ ಪುಣ್ಯ ಎಂದುಕೊಂಡು ಅದನ್ನು ಇಮ್ಮಡಿ ಮಾಡಲು ಹೊರಟರು. ಆಗ ಬಾಗಿಲ ಹಿಂದಿನಿಂದ ಒಂದು ಸಣ್ಣ ದನಿ ಬಂತು. ಅದು ನನ್ನದೇ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಈಗ ಫರಾಳ ಬಿಟ್ಟಾರ್ರಿ."

"ಫರಾಳ ಅಂದರೆ?"

ನಾನು ನೆಲ ನೋಡುತ್ತ ಹೇಳಿದೆ. ಹಾಲು ಸಕ್ಕರೆಯಿಂದ ರಾತ್ರಿಯ ಪಾಯಸದ ತನಕ ಒಂದೂ ಬಿಡದೆ ಹೇಳಿದೆ. ಡಾಕ್ಟರರು ಪೆನ್ನು ಕೆಳಗಿಟ್ಟರು. ನಗಲಿಲ್ಲ, ಅದು ಅವರ ದೊಡ್ಡ ಗುಣ. "ಇದನ್ನು ವಾರಕ್ಕೆ ಮೂರು ದಿನವೇ?" ಎಂದಷ್ಟೇ ಕೇಳಿದರು. ಆಮೇಲೆ ಮಾತ್ರೆಯನ್ನು ಇದ್ದಷ್ಟೇ ಬರೆದು, ಹೊಟ್ಟೆ ಪೂರ್ತಿ ಕಟ್ಟಬೇಡಿ, ಮಧ್ಯಾಹ್ನ ಒಂದು ರೊಟ್ಟಿ ತಿನ್ನಿ, ಉಳಿದದ್ದು ಹೀಗೇ ನಡೆಸಿ ಎಂದರು.

ದಾರಿಯುದ್ದಕ್ಕೂ ಅತ್ತೆ ಟೈರಿನ ಚಪ್ಪಲಿ ಬಡಿಯುತ್ತ ನನ್ನ ಮುಂದೆ ಮುಂದೆ ನಡೆದರು. ಮನೆ ಹತ್ತಿರ ಬಂದಾಗ, "ನಿನಗ ಬಾಯಿ ಬಂತು," ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಶೇಂಗಾ ಉಂಡಿ ಹೇಳೂದು ಬ್ಯಾಡಾಗಿತ್ತು," ಎಂದರು.

ಮಳೆಯ ಮೋಡ ಕಾಣಿಸಿದಾಗ ನಿಮ್ಮ ಅಜ್ಜ ಮಾತು ಉಳಿಸಿಕೊಂಡರು. ನಾಲ್ವರೂ ಬಸ್ಸು ಹತ್ತಿ ಊರಿಗೆ ಹೋದೆವು. ಕೂರಿಗೆ ಹೂಡಿ ಆಗಿತ್ತು. ಕಾಕಾ ಎತ್ತುಗಳ ಮುಂದೆ ನಿಂತಿದ್ದರು. ಹೊಲ ಈ ವರ್ಷ ತಮ್ಮ ಪಾಲಿಗೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಅವರ ಮುಖದ ಮೇಲೆ ಕಾಣುತ್ತಿತ್ತು. ಬೀಜದ ಹೊತ್ತು ಹೊಲದಲ್ಲಿ ಚಪ್ಪಲಿ ಮೆಟ್ಟುವುದಿಲ್ಲ, ಭೂಮಿತಾಯಿ ಎಂದು. ಬರಿಗಾಲು ಬೇಡವೇ ಬೇಡ ಎಂದು ಡಾಕ್ಟರರು ಹೇಳಿದ್ದರು. ಅತ್ತೆ ಬದುವಿನ ಮೇಲೆ ಬಂದು ನಿಂತರು. ಕಾಲಲ್ಲಿ ಟೈರಿನ ಚಪ್ಪಲಿ.

"ವೈನಿ, ಚಪ್ಲಿ," ಎಂದರು ಕಾಕಾ ಅತ್ತಿಗೆಗೆ. ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತು ಎಂದು ನನಗನ್ನಿಸಿತು.

ನಿಮ್ಮ ಅಜ್ಜ ತಾಯಿಯ ಮುಖ ನೋಡಿದರು. ಚಪ್ಪಲಿ ಬಿಟ್ಟರೆ ಮಗ ಒಪ್ಪುವುದಿಲ್ಲ, ಬಿಡದಿದ್ದರೆ ಊರು ಒಪ್ಪುವುದಿಲ್ಲ. ಅತ್ತೆ ಒಂದು ಗಳಿಗೆ ನಿಂತು ಯೋಚಿಸಿದರು.

"ಚಪ್ಲಿ ಅಂದ್ರ ಚರ್ಮದ್ದು," ಎಂದರು. "ಇದು ರಬ್ಬರ. ಗಿಡದ ಹಾಲಿನಿಂದ ಮಾಡ್ತಾರಂತ, ಮೇಸ್ತ್ರಿ ಹೇಳ್ಯಾನ. ಗಿಡದ ಹಾಲಿಗೆ ಮೈಲಿಗಿ ಎಲ್ಲೀದು? ಹೊಡಿ ಎತ್ತ."

ಸಾಬೂದಾಣಿ ಅನ್ನವಲ್ಲ ಎಂದ ಬಾಯಿಯೇ ಅದು. ಆ ಬುದ್ಧಿ ಅವರ ಕಾಲನ್ನು ಕೆಡಿಸಿತ್ತು, ಈಗ ಅದೇ ಬುದ್ಧಿ ಕಾಲನ್ನು ಕಾಯಿತು. ಕಾಕಾ ಎತ್ತು ಹೊಡೆದರು.

ಅತ್ತೆ ಕೂರಿಗೆಯ ಹಿಂದೆ ನಡೆದರು. ಮೊದಲ ಸಾಲು ಸ್ವಲ್ಪ ತಡೆದು ತಡೆದು ಹೋಯಿತು, ಎರಡನೆಯದು ಸರಿಯಾಯಿತು. ಮೂರನೆಯ ಸಾಲಿನ ಮಧ್ಯೆ, "ನಿಲ್ಲಸು" ಎಂದು ಕೂಗಿದರು. ನಿಮ್ಮ ಅಜ್ಜ ಓಡಿದರು, ನಾನೂ ಓಡಿದೆ. ಅತ್ತೆ ಸಾಲಿನಲ್ಲೇ ಕುಳಿತು, ಬಕ್ಕಲು ಬಿಚ್ಚಿ, ಚಪ್ಪಲಿಯೊಳಗಿನಿಂದ ಒಂದು ಹರಳನ್ನು ಹೊರಗೆ ತೆಗೆದರು. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದು.

"ಚುಚ್ಚಿತು," ಎಂದರು ಮಗನಿಗೆ, ಅದನ್ನು ಅಂಗೈಯಲ್ಲಿ ಹಿಡಿದು ತೋರಿಸುತ್ತ. "ನೋಡು, ಚುಚ್ಚಿತು ನನಗ."

ನಿಮ್ಮ ಅಜ್ಜ ಹರಳನ್ನು ನೋಡಿದರು, ಬದುವಿಗೆ ಮರಳಿ ಬಂದರು. ಆ ವರ್ಷ ಹೊಲ ಪಾಲಿಗೆ ಹೋಗಲಿಲ್ಲ, ಮುಂದೆಯೂ ಅತ್ತೆ ಇರುವ ತನಕ ಹೋಗಲಿಲ್ಲ.

ಅವರ ಕಿರುಬೆರಳುಗಳಿಗೆ ಜೀವ ಪೂರ್ತಿ ಬರಲೇ ಇಲ್ಲ. ಹಬ್ಬದ ಹೋಳಿಗೆ ಹೆಚ್ಚಾದರೆ ಉರಿ ಬಂದು ಬಾಗಿಲು ತಟ್ಟುತ್ತಿತ್ತು. ಊರಿನ ಹೆಂಗಸರು ಕೇಳಿದರೆ ಅತ್ತೆ, "ಉಪವಾಸ ಮಾಡಿದೆ, ಶಿವ ವಾಸಿ ಮಾಡಿದ" ಎಂದಷ್ಟೇ ಹೇಳುತ್ತಿದ್ದರು. ಅದನ್ನು ನಂಬಿ ಆ ಊರಿನಲ್ಲಿ ಎಷ್ಟು ಸಾಬೂದಾಣಿ ಬೆಂದಿತೋ ಶಿವನಿಗೇ ಗೊತ್ತು.

ಈಗ ನನ್ನ ಅಂಗಾಲಿನಲ್ಲಿ ಇರುವೆ ಹರಿಯುತ್ತಿದೆ. ಊಟವಾದ ಮೇಲೆ ನಾನು ಅಂಗಳದಲ್ಲಿ ಚಪ್ಪಲಿ ಮೆಟ್ಟಿ ಸುತ್ತುವುದನ್ನು ನೋಡಿ ನೀವು ನಗುತ್ತೀರಲ್ಲ, ಕಾರಣ ಇದು. ನಿಮ್ಮ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಸಾಬೂದಾಣಿ, ಬೆಲ್ಲ ಎಂದಿದೆ. ಅದನ್ನು ನಾನು ಒಡೆದಿಲ್ಲ, ಅಡುಗೆಮನೆಯ ಮೇಲಿನ ಗೂಡಿನಲ್ಲಿ ಇಟ್ಟಿದ್ದೇನೆ. ಈ ಹಾಳೆಗಳನ್ನೂ ಮಡಿಸಿ ಅದರ ಮುಂದೆಯೇ ಇಡುತ್ತೇನೆ. ಟ್ರಂಕಿನಲ್ಲಿ ಹಾಕಿ ಬೀಗ ಹಾಕಬೇಡಿ, ಅಲ್ಲಿ ಯಾರೂ ಓದುವುದಿಲ್ಲ. ಆ ಗೂಡಿನಲ್ಲೇ ಇರಲಿ, ಎಣ್ಣೆ ತಾಗದಂತೆ, ಇರುವೆ ಮುತ್ತದಂತೆ ನೋಡಿಕೊಳ್ಳಿ. ನಮ್ಮ ರಕ್ತದಲ್ಲಿ ಸಕ್ಕರೆ ಇದೆ, ಸಕ್ಕರೆಗೆ ಬೇರೆ ಹೆಸರಿಡುವ ಬುದ್ಧಿಯೂ ಇದೆ. ಮುಂದೆ ನಿಮ್ಮಲ್ಲಿ ಯಾರಾದರೂ ಪೊಟ್ಟಣಕ್ಕೆ ಕೈ ಹಾಕಿದಾಗ ಮೊದಲು ಈ ಕಾಗದ ಕೈಗೆ ಸಿಗಲಿ.